ಪೆಟ್ಟಿಗೆಯ ದೇವರಿಗೆ ಎಡೆ

ಮದ್ದೂರು
5-3-2002

ರತ್ನಪ್ರಭಾಗೆ ವೆಂಕಟಲಕ್ಷ್ಮಮ್ಮ ಬರೆಯುವುದು.

ಈ ಕಡೆ ಯಾರೂ ಕ್ಷೇಮವಾಗಿಲ್ಲ. ಆ ಕಡೆ ನೀವು ಕ್ಷೇಮವಾಗಿದ್ದೀರಾ ಎಂದು ಕೇಳುವ ಮನಸ್ಸೂ ನನಗಿಲ್ಲ.

ಚನ್ನಪಟ್ಟಣದಲ್ಲಿ ನನ್ನ ತಮ್ಮನ ಮೊಮ್ಮಗುವಿಗೆ ಹೆಸರಿಟ್ಟರು. ಹೋಗಿ ಒಂದು ವಾರ ಇದ್ದು ಬಂದೆ. ಬಂದವಳು ಕಾಲು ತೊಳೆದುಕೊಂಡು ದೀಪ ಹಚ್ಚೋಣವೆಂದು ಒಳಗೆ ಹೋದರೆ ಮೂಲೆಯಲ್ಲಿ ದೇವರ ಪೆಟ್ಟಿಗೆ ಇಲ್ಲ. ಅದು ಕೂತಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಪ್ಪು ಗುರುತು ಮಾತ್ರ ಇದೆ. ಕಳ್ಳರು ಬಂದರೆಂದು ಬೀದಿಗೆ ಕೇಳುವ ಹಾಗೆ ಕೂಗಿಕೊಂಡೆ. ನಿಮ್ಮಣ್ಣ ಶಿವನಂಜು ಟಿವಿ ಮುಂದಿನಿಂದ ಏಳಲೂ ಇಲ್ಲ. "ಕಳ್ರೂ ಇಲ್ಲ ಗಿಳ್ರೂ ಇಲ್ಲ ಕಣವ್ವ. ರತ್ನಿ ಕೇಳುದ್ಲು ಅಂತ ಜರ್ಮನಿಗೆ ಕಳಿಸ್ದೆ. ಅಲ್ಲಿ ಮ್ಯೂಸಿಯಮ್ಮಲ್ಲಿ ಮಡಗ್ತಾರಂತೆ. ನಮ್ ದೇವ್ರಿಗೂ ಫಾರಿನ್ ಟೂರ್ ಆಯ್ತು ಬುಡು" ಎಂದ. ಅಳಿಯ ಸಿದ್ದರಾಜುವಿನ ಆಫೀಸಿನವರು ಯಾರೋ ಮದುವೆಗೆಂದು ಊರಿಗೆ ಬಂದಿದ್ದರಂತೆ, ಅವರ ಕೈಯಲ್ಲಿ ಕಳಿಸಿದನಂತೆ. ಉಪ್ಪಿನಕಾಯಿ ಭರಣಿ ಕಳಿಸಿದ ಹಾಗೆ.

ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ನಿನಗೆ ಗೊತ್ತಿಲ್ಲದೆ ಇಲ್ಲ. ಅಮ್ಮನವರ ಹಿತ್ತಾಳೆಯ ಮುಖ, ಮೂರು ಕಲ್ಲು, ಹಿರಿಯರ ಹೆಸರಿನಲ್ಲಿ ಮಾಡಿಸಿದ ಬೆಳ್ಳಿ ತಗಡುಗಳು. ಕೊನೆಯ ತಗಡು ನಿಮ್ಮಪ್ಪನದು. ಅವರು ತೀರಿಕೊಂಡ ವರ್ಷ ಅಕ್ಕಸಾಲಿಯ ಅಂಗಡಿಯಲ್ಲಿ ನಾನೇ ಕೂತು ಮಾಡಿಸಿದ್ದು.

ಸೊಸೆಯಾಗಿ ಈ ಮನೆಗೆ ಬಂದ ದಿನದಿಂದ ಆ ಪೆಟ್ಟಿಗೆಯ ಮುಂದೆ ಎಡೆ ಇಡದೆ ನಾನು ತುತ್ತು ಬಾಯಿಗೆ ಹಾಕಿದವಳಲ್ಲ. ಊರಿಗೆ ಹೋದರೆ ಆ ಮನೆಯ ದೇವರಿಗೆ ಇಟ್ಟ ಮೇಲೆ ಉಣ್ಣುತ್ತೇನೆ, ಇಲ್ಲಿ ಎಡೆ ಇಡಲು ಸೊಸೆ ಕಾಂತಮ್ಮನಿಗೆ ಹೇಳಿ ಹೋಗಿರುತ್ತೇನೆ. ಪಾಪ, ಅವಳೂ ಗಂಡನ ಬಾಯಿಗೆ ಹೆದರಿ ಸುಮ್ಮನಿದ್ದಳಂತೆ. ಈಗ ಯಾರಿಗೆ ಇಟ್ಟು ಉಣ್ಣಲಿ? ಅವಲಕ್ಕಿ, ಹಾಲು, ಬಾಳೆಹಣ್ಣಿನ ಮೇಲೆ ಇದ್ದೇನೆ. ಅನ್ನ, ಮುದ್ದೆ ಮುಟ್ಟಿಲ್ಲ, ಪೆಟ್ಟಿಗೆ ಬರುವವರೆಗೆ ಮುಟ್ಟುವುದೂ ಇಲ್ಲ.

ನೀನು ಕೇಳಿದ್ದು ನಿಜವೋ ಸುಳ್ಳೋ ಬರೆ. ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನನಗೆ ಪೂರ್ತಿ ಬೈಯಲು ಆಗುವುದಿಲ್ಲ.

ನಿನ್ನ ತಾಯಿ
ವೆಂಕಟಲಕ್ಷ್ಮಮ್ಮ


ಸ್ಟುಟ್‌ಗಾರ್ಟ್
17-3-2002

ಅವ್ವನಿಗೆ ರತ್ನಿಯ ನಮಸ್ಕಾರಗಳು.

ನಾನು ಕೇಳಿದ್ದು ಆ ಪೆಟ್ಟಿಗೆಯನ್ನಲ್ಲ. ಅಟ್ಟದ ಮೇಲೆ ಕೀಲು ಮುರಿದ ಹಳೆಯ ಖಾಲಿ ಪೆಟ್ಟಿಗೆ ಇತ್ತಲ್ಲ, ಅಜ್ಜಿಯ ಕಾಲದಲ್ಲೇ ಬಿಟ್ಟದ್ದು, ಅದನ್ನು ಕಳಿಸು ಎಂದು ಅಣ್ಣನಿಗೆ ಹೇಳಿದ್ದೆ. ಅವನು ಅಟ್ಟ ಹತ್ತುವ ಕಷ್ಟ ತೆಗೆದುಕೊಳ್ಳಲಿಲ್ಲವೇನೋ. ಇಲ್ಲಿ ತೆರೆದು ನೋಡಿದರೆ ಒಳಗೆ ಅಮ್ಮನವರು. ತಕ್ಷಣ ಅವನಿಗೆ ಫೋನ್ ಮಾಡಿದೆ. "ಅವ್ವ ಒಪ್ಪವ್ಳೆ, ನೀ ತಲೆ ಕೆಡಿಸ್ಕೋಬೇಡ" ಎಂದ. ನಂಬಿದೆ. ಅವನನ್ನು ಬೈಯುವುದನ್ನು ಬಿಟ್ಟು ನನಗೆ ಬರೆದಿದ್ದೀಯ.

ಆದದ್ದು ಆಯಿತು. ಇದು ಯಾತಕ್ಕೆ ಎಂದು ಸ್ವಲ್ಪ ಕೇಳು. ನನಗೆ ಇಲ್ಲಿ ಕೊನೆಗೂ ಒಂದು ಕೆಲಸ ಸಿಕ್ಕಿದೆ. ಮೈಸೂರಿನಲ್ಲಿ ಎಂ.ಫಿಲ್. ಮಾಡುವಾಗ ಗಂಗರ ಕಾಲದ ಮನೆಗಳಲ್ಲಿ ದೇವರ ಪೂಜೆ ಹೇಗಿತ್ತು ಎಂದು ಬರೆದಿದ್ದೆನಲ್ಲ, ನೀನು ಆಗ "ಮನೇಲಿ ಪೂಜೆ ಮಾಡೋದ್ನ ಓದಕ್ಕೆ ಮೈಸೂರ್ಗೆ ಯಾಕ್ ಹೋಗ್ಬೇಕು, ಅಡಿಗೆಮನೆಗೆ ಬಾ" ಎಂದು ನಗುತ್ತಿದ್ದೆ. ಅದೇ ವಿಷಯ. ಇಲ್ಲಿಯ ಒಂದು ಸಣ್ಣ ಮ್ಯೂಸಿಯಮ್ಮಿನವರು ಸಾವಿರ ವರ್ಷದ ಹಿಂದೆ ಸಾಧಾರಣ ಜನ ಮನೆಯೊಳಗೆ ದೇವರನ್ನು ಹೇಗೆ ಇಟ್ಟುಕೊಂಡಿದ್ದರು ಎಂದು ಪ್ರದರ್ಶನ ಮಾಡಿದ್ದಾರೆ. ಒಂದು ಕಡೆ ಈ ನಾಡಿನವರ ಮನೆ. ಗೋಡೆಯ ಮೇಲೆ ಹೊಸ ಶಿಲುಬೆ, ಹೊಸಿಲ ಕೆಳಗೆ ಹಳೆಯ ದೇವರಿಗೆ ಹೂತಿಟ್ಟ ಗಂಜಿಯ ಮಡಕೆ. ಪಾದ್ರಿಗೆ ತಿಳಿಯದ ಹಾಗೆ ಯಾರೋ ಹೆಂಗಸು ಹೂತಿರಬೇಕು. ಇನ್ನೊಂದು ಕಡೆ ನಮ್ಮ ಕಡೆಯ ಒಕ್ಕಲ ಮನೆ, ಮಣ್ಣಿನ ಗೋಡೆ, ಒಲೆ, ಕಣಜ, ದೇವರ ಮೂಲೆ. ಆ ಭಾಗ ಪೂರ್ತಿ ನನ್ನದು. ಶಾಸನಗಳಲ್ಲಿ ಗುಡಿಗೆ ಎಣ್ಣೆ ಬಿಟ್ಟವನ ಹೆಸರಿದೆ, ಗದ್ದೆ ಬಿಟ್ಟವನ ಹೆಸರಿದೆ. ಅಡಿಗೆಮನೆಯ ಮೂಲೆಗೆ ಯಾರೂ ಗದ್ದೆ ಬಿಡಲಿಲ್ಲ, ಆದ್ದರಿಂದ ಅಲ್ಲಿಯ ವಿಷಯ ಕಲ್ಲಿನ ಮೇಲೆ ಬರಲೇ ಇಲ್ಲ. ಅದನ್ನು ಜನರಿಗೆ ತೋರಿಸುವ ಕೆಲಸ ನನಗೆ ಸಿಕ್ಕಿದೆ, ಅವ್ವ.

ಪೆಟ್ಟಿಗೆ ತುಂಬ ಭದ್ರವಾಗಿದೆ. ಮರದಲ್ಲಿ ಹುಳವಿದ್ದರೆ ಸಾಯಲಿ ಎಂದು ಮೊದಲು ಕೆಲವು ದಿನ ಮೈನಸ್ ಡಿಗ್ರಿಯ ಕೋಣೆಯಲ್ಲಿ ಇಟ್ಟಿದ್ದರು. ಈಗ ಗಾಜಿನ ಒಳಗಿದೆ. ಕೆಳಗೆ ನಾನೇ ಬರೆದ ಚೀಟಿ ಇದೆ: "ಇಂಥ ದೇವರಿಗೆ ಮನೆಯ ಹೆಂಗಸರು ದಿನವೂ ಅನ್ನ ಇಡುತ್ತಿದ್ದರು." ಅಕ್ಟೋಬರ್ ಕೊನೆಗೆ ಪ್ರದರ್ಶನ ಮುಗಿಯುತ್ತದೆ, ನಾನೇ ತಂದುಕೊಡುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಊಟ ಮಾಡು. ದೇವರು ಎಲ್ಲ ಕಡೆಯೂ ಇದ್ದಾನೆ.

ನಿನ್ನ ಮಗಳು
ರತ್ನಿ


ಮದ್ದೂರು
16-4-2002

ರತ್ನಿ,

ಯುಗಾದಿ ಕಳೆಯಿತು. ಮನೆಯಲ್ಲಿ ಒಬ್ಬಟ್ಟು ಮಾಡಿದರು, ನಾನು ಮುಟ್ಟಲಿಲ್ಲ.

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಹುಳ ಸಾಯಲಿ ಎಂದು ಪೆಟ್ಟಿಗೆಯನ್ನು ಐಸಿನಲ್ಲಿ ಇಟ್ಟರೆಂದು ಬರೆದಿದ್ದೀಯ, ಅದೂ ದೊಡ್ಡ ಉಪಕಾರ ಮಾಡಿದ ಹಾಗೆ. ಯಾವ ಹುಳ? ಒಲೆಯ ಹೊಗೆ, ಧೂಪದ ಹೊಗೆ ಕುಡಿದ ಮರಕ್ಕೆ ಯಾವ ಹುಳ ಬರುತ್ತದೆ? ನಿಮ್ಮಪ್ಪ ಬೆಂಗಳೂರಿನ ಮದುವೆಯೊಂದರಲ್ಲಿ ಐಸ್‌ಕ್ರೀಮ್ ಕೊಟ್ಟರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಬಟ್ಟಲು ತಳ್ಳಿದವರು. ಅವರನ್ನು ಎತ್ತಿಕೊಂಡು ಹೋಗಿ ಐಸ್ ಕೋಣೆಗೆ ಹಾಕಿದ್ದೀರಿ.

ದೇವರು ಎಲ್ಲ ಕಡೆಯೂ ಇದ್ದಾನೆ ಎಂದು ನನಗೆ ಬುದ್ಧಿ ಹೇಳಿದ್ದೀಯ. ಎಲ್ಲ ಕಡೆ ಇದ್ದರೆ ಅಲ್ಲಿಯೇ ಒಬ್ಬನನ್ನು ಹಿಡಿದು ಗಾಜಿನೊಳಗೆ ಕೂರಿಸಬೇಕಾಗಿತ್ತು. ನನ್ನ ಮನೆಯದೇ ಯಾಕೆ ಬೇಕಾಯಿತು? ಭದ್ರವಾಗಿದೆಯಂತೆ. ಜೈಲಿನಲ್ಲಿರುವವನೂ ಭದ್ರವಾಗಿಯೇ ಇರುತ್ತಾನೆ. ಅವನಿಗಾದರೂ ಎರಡು ಹೊತ್ತು ಊಟ ಹಾಕುತ್ತಾರೆ. ಇನ್ನು ನಿನ್ನ ಚೀಟಿ. ಹೆಂಗಸರು ಅನ್ನ ಇಡುತ್ತಿದ್ದರಂತೆ. ನಾನು ಇನ್ನೂ ಸತ್ತಿಲ್ಲ ಕಣೇ.

ಪ್ಲೇಗಿನ ವರ್ಷ ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಆಗ ನಿಮ್ಮ ಮುತ್ತಜ್ಜಿ ಕೈಗೂಸನ್ನು ಗಂಡನ ಕೈಗೆ ಕೊಟ್ಟು ಈ ಪೆಟ್ಟಿಗೆಯನ್ನು ತಾನು ಹೊತ್ತಳಂತೆ. ಗುಡಿಸಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಮೊದಲು ಬೇಯಿಸಿದ್ದು ಎಡೆಯ ಅನ್ನ. ಸಾವಿನ ಮನೆಗಳ ನಡುವೆ ತಪ್ಪದೆ ಇದ್ದದ್ದು ಈಗ ನಿಮ್ಮ ಕಾಲದಲ್ಲಿ ತಪ್ಪಿತು.

ಶಿವನಂಜುವನ್ನು ಬೈಯಲಿಲ್ಲ ಎಂದುಕೊಂಡಿದ್ದೀಯಾ? ಬೈದು ಬೈದು ಗಂಟಲು ಕಟ್ಟಿತು. ಅವನ ಹೊಸ ಮನೆಯ ಕೆಲಸ ಮುಗಿಯುತ್ತಾ ಬಂತು. ಪೂಜಾ ರೂಮು ಅಂತೆ, ಗ್ರಾನೈಟು, ಮಿಣುಕು ದೀಪ. "ಆ ಎಣ್ಣೆ ಜಿಡ್ಡಿನ ಪೆಟ್ಗೆ ಅಲ್ಲಿಗೆ ಒಪ್ಪಾಕಿಲ್ಲ ಕಣವ್ವ, ಅದ್ಕೇ ಕಳಿಸ್ದೆ" ಎಂದು ಬಾಯಿಬಿಟ್ಟ. ಅವನು ಎಮ್ಮೆ. ನೀನು ಓದಿದವಳು. ಎಮ್ಮೆಯನ್ನು ಎಷ್ಟು ಹೊತ್ತು ಬೈಯಲಿ?

ನಿನ್ನ ಮ್ಯೂಸಿಯಮ್ಮಿನವರನ್ನು ಕೇಳು. ಈ ಕಾಗದ ಸೇರಿದ ದಿನವೇ ಕೇಳು.

ವೆಂಕಟಲಕ್ಷ್ಮಮ್ಮ


ಸ್ಟುಟ್‌ಗಾರ್ಟ್
6-5-2002

ಅವ್ವ,

ಕೇಳಿದೆ. ಮುಖ್ಯಸ್ಥೆ ಫ್ರಾವ್ ಕ್ರೆಮರ್, ಒಪ್ಪಂದ ಅಕ್ಟೋಬರ್ ಕೊನೆಯವರೆಗೆ ಇದೆ, ನಡುವೆ ಕೊಡುವುದಿಲ್ಲ ಎಂದರು. ನಿಮ್ಮ ತಾಯಿಗೆ ಬೇಕಿದ್ದರೆ ಒಳ್ಳೆಯ ಫೋಟೋ ತೆಗೆಸಿ ಕಳಿಸೋಣ ಎಂದರು. ಅವರಿಗೆ ಹಸಿವಿನ ವಿಷಯ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ನಿನ್ನ ಬೈಗುಳ ನಾನು ಓದಿದ್ದೇನೆ. ಈಗ ನನ್ನದನ್ನು ನೀನು ಓದು.

ನಿನ್ನ ಅಳಿಯ ಇಲ್ಲಿಗೆ ಬಂದದ್ದು ಕಂಪ್ಯೂಟರ್ ಕೆಲಸದವರಿಗೆ ಜರ್ಮನಿಯವರು ಕೊಡುವ ಗ್ರೀನ್ ಕಾರ್ಡಿನ ಮೇಲೆ. ಅದು ಅವರ ಕಾರ್ಡು. ನನ್ನ ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡುವಂತಿಲ್ಲ ಎಂದು ಮುದ್ರೆ ಒತ್ತಿದ್ದರು. ಅವರು ಬೆಳಗ್ಗೆ ಎಸ್-ಬಾನ್ ರೈಲು ಹತ್ತಿ ಹೋದರೆ ಈ ಎರಡು ಕೋಣೆಯಲ್ಲಿ ನಾನು, ಬಟ್ಟೆ ಒಣಗುವ ಸ್ಟ್ಯಾಂಡು. ಇಲ್ಲಿ ಕೇರ್‌ವೋಖೆ ಎಂದು ಒಂದು ಪದ್ಧತಿ ಇದೆ, ಕಟ್ಟಡದ ಮೆಟ್ಟಿಲನ್ನು ವಾರಕ್ಕೊಂದು ಮನೆಯವರು ಗುಡಿಸಿ ಒರೆಸಬೇಕು. ಒಂದು ವರ್ಷಕ್ಕೂ ಮಿಕ್ಕಿ ನನ್ನ ಎಂ.ಫಿಲ್. ಉಪಯೋಗಕ್ಕೆ ಬಂದದ್ದು ಆ ಮೆಟ್ಟಿಲಿಗೆ. ಕೆಳಗಿನ ಮನೆಯ ಮುದುಕಿ ಕನ್ನಡಕ ಹಾಕಿಕೊಂಡು ಬಂದು ಮೂಲೆ ಮೂಲೆ ನೋಡುತ್ತಿದ್ದಳು. ಆಮೇಲೆ ಕೆಲಸದ ಪರವಾನಗಿ ಬಂತು, ಈ ಮ್ಯೂಸಿಯಮ್ಮು ಸಿಕ್ಕಿತು. ಈ ಊರಿನಲ್ಲಿ ನನ್ನನ್ನು ಇಂಥವರ ಹೆಂಡತಿ ಎನ್ನದೆ ನನ್ನ ಹೆಸರು ಹಿಡಿದು ಕರೆಯುವ ಒಂದೇ ಜಾಗ ಅದು. ಅದನ್ನು ಕೆಡಿಸಿಕೋ ಎನ್ನುತ್ತೀಯ.

ಇನ್ನೊಂದು ಮಾತು. ಆ ದೇವರನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಮುಟ್ಟಿದ್ದು ಇಲ್ಲಿ, ಮ್ಯೂಸಿಯಮ್ಮಿನ ಮೇಜಿನ ಮೇಲೆ, ಬಿಳಿ ಬಟ್ಟೆಯ ಗವಸು ಹಾಕಿಕೊಂಡು. ಅಮ್ಮನವರ ಎಡಗೆನ್ನೆಯಲ್ಲಿ ಒಂದು ಸಣ್ಣ ತಗ್ಗು ಇದೆ ಎಂದು ಆ ಮನೆಯ ಮಗಳಾದ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಂದು ಸಲ ಮುಡಿಸಿದ ಹೂವು ಕೆಳಗೆ ಬಿತ್ತೆಂದು ಎತ್ತಿಡಲು ಹೋದೆ. ನೀನು ಸೌಟಿನಿಂದ ಕೈಗೆ ಹೊಡೆದೆ. "ಬ್ಯಾರೆ ಮನೆಗೆ ಹೋಗೋಳು ಮುಟ್ಬಾರ್ದು" ಎಂದೆ. ಪಕ್ಕದಲ್ಲೇ ಅಣ್ಣ ಮೂಗು ಒರೆಸಿಕೊಂಡ ಕೈಯಲ್ಲಿ ಕರ್ಪೂರ ಹಚ್ಚುತ್ತಿದ್ದ. ಅವನಿಗೆ ಏನೂ ಆಗಲಿಲ್ಲ, ಅವನು ವಂಶದ ಮಗ. ಈಗ ಆ ವಂಶದ ಮಗ ದೇವರನ್ನು ಹಳೇ ಸಾಮಾನಿನ ಹಾಗೆ ಹೊರಗೆ ಹಾಕಿದ್ದಾನೆ, ನಿನ್ನ ಕಾಗದಗಳೆಲ್ಲ ನನಗೆ ಬರುತ್ತಿವೆ. ಮುಟ್ಟಲು ಹಕ್ಕಿಲ್ಲದವಳಿಗೆ ದೇವರನ್ನು ಉಪವಾಸ ಕೆಡವಿದ ಪಾಪ ಮಾತ್ರ ಯಾಕೆ?

ನೀನು ಊಟ ಬಿಟ್ಟರೆ ಬಿಡು. ನನ್ನನ್ನು ಹೆದರಿಸಬೇಡ.

ರತ್ನಪ್ರಭಾ


ಮದ್ದೂರು
2-6-2002

ರತ್ನಿ,

ಹೊಡೆದದ್ದು ನಿಜ. ನಿಮ್ಮಜ್ಜಿ ಬಾಗಿಲಲ್ಲಿ ನಿಂತಿದ್ದರು. ನಾನು ಸೌಟಿನಲ್ಲಿ ಹೊಡೆಯದಿದ್ದರೆ ಅವರು ಕೊಳವೆಯಲ್ಲಿ ಹೊಡೆಯುತ್ತಿದ್ದರು. ಒಲೆ ಊದುವ ಕಬ್ಬಿಣದ ಕೊಳವೆ. ಅದರ ಏಟಿನ ರುಚಿ ನನಗೆ ಗೊತ್ತಿತ್ತು. ಅದಕ್ಕೆ ನಾನು ನಿನ್ನ ಕ್ಷಮೆ ಕೇಳುವುದಿಲ್ಲ. ಸಿಟ್ಟಿದ್ದರೆ ಇಟ್ಟುಕೋ.

ಆದರೆ ಈಗ ಮುಟ್ಟಿದ್ದೀಯ. ಗವಸು ಹಾಕಿಕೊಂಡು ಮುಟ್ಟಿದರೂ ಮುಟ್ಟಿದ್ದೇ. ಪೆಟ್ಟಿಗೆ ತೆರೆದವರು ಎಡೆ ಇಡಬೇಕು, ಅದು ಪದ್ಧತಿ. ಮೊದಲೇ ಹೇಳಿದ್ದರೆ ನಾನು ಇಷ್ಟು ದಿನ ಬೈಯುತ್ತಾ ಕೂರುತ್ತಿರಲಿಲ್ಲ, ಮಾಡು ಎನ್ನುತ್ತಿದ್ದೆ.

ಬೆಳಗ್ಗೆ ಸ್ನಾನ ಮಾಡಿ ಒಂದು ಹಿಡಿ ಅಕ್ಕಿ ಬೇಯಿಸು. ರುಚಿ ನೋಡಬೇಡ. ಮೇಲೆ ತುಪ್ಪ, ಒಂದು ಚೂರು ಬೆಲ್ಲ. ಗಾಜು ತೆರೆಯದಿದ್ದರೆ ಗಾಜಿನ ಮುಂದೆ ಇಡು. ಮಂತ್ರ ಗಿಂತ್ರ ನಮ್ಮಲ್ಲಿ ಇಲ್ಲ. ಮುಖ ನೋಡಿ "ಉಣ್ಣಿ" ಅನ್ನು. ಅವರು ಉಣ್ಣುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿರು. ಎಷ್ಟು ಹೊತ್ತು ಎಂದು ಕೇಳಬೇಡ, ಗೊತ್ತಾಗುತ್ತದೆ. ಆಮೇಲೆ ಆ ಅನ್ನವನ್ನು ನೀನು ಉಣ್ಣು.

ನೀವು ಬೆಳಗ್ಗೆ ಎದ್ದು ಹೊರಡುವಾಗ ನಮಗೆ ಮಧ್ಯಾಹ್ನ ಎಂದು ಕಾಂತಮ್ಮ ಹೇಳಿದಳು. ನೀನು ಇಡುತ್ತೇನೆ ಎಂದು ಒಂದು ಸಾಲು ಬರೆದರೆ, ಆ ಹೊತ್ತಿಗೆ ಇಟ್ಟಿರುತ್ತೀಯ ಎಂದು ತಿಳಿದು ನಾನು ಮಧ್ಯಾಹ್ನ ಅನ್ನ ಉಣ್ಣುತ್ತೇನೆ. ಸುಳ್ಳು ಬರೆದರೆ ಆ ಸುಳ್ಳು ನನ್ನ ಹೊಟ್ಟೆಗೆ ಹೋಗುತ್ತದೆ, ನೆನಪಿಟ್ಟುಕೋ.

ವೆಂಕಟಲಕ್ಷ್ಮಮ್ಮ


ಸ್ಟುಟ್‌ಗಾರ್ಟ್
15-6-2002

ಇಡುತ್ತೇನೆ. ಉಣ್ಣು.

ರತ್ನಿ


ಸ್ಟುಟ್‌ಗಾರ್ಟ್
14-7-2002

ಅವ್ವ,

ಮೊದಮೊದಲು ನಿನ್ನ ಮೇಲಿನ ಸಿಟ್ಟಿನಲ್ಲೇ ಇಟ್ಟೆ. ಮ್ಯೂಸಿಯಮ್ಮು ತೆರೆಯುವ ಮೊದಲೇ ಹೋಗಿ, ಡಬ್ಬಿಯ ಮುಚ್ಚಳದಲ್ಲಿ ಅನ್ನ ಇಟ್ಟು, ನೆಲದ ಮೇಲೆ ಕೂತು, ಅವುಡುಗಚ್ಚಿಕೊಂಡು "ಉಣ್ಣಿ" ಎನ್ನುತ್ತಿದ್ದೆ. ಬೈದ ಹಾಗೆ. ಅವರು ಉಂಡರೋ ಇಲ್ಲವೋ, ತಿರುಗಿ ಬರುವಾಗ ಆ ತಣ್ಣನೆಯ ಅನ್ನವನ್ನು ಮೆಟ್ಟಿಲ ಮೇಲೆ ನಿಂತು ನುಂಗುತ್ತಿದ್ದೆ. ಆಮೇಲೆ ಸಿಟ್ಟು ನಿನ್ನ ಮೇಲಿನದಾಗಿ ಉಳಿಯಲಿಲ್ಲ. ಎಷ್ಟು ಹೊತ್ತು ಕೂರಬೇಕು ಎಂದು ಗೊತ್ತಾಗತೊಡಗಿತು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ನಿನಗೂ ಬರುವುದಿಲ್ಲ, ಅದಕ್ಕೇ ಕೇಳಬೇಡ ಎಂದಿದ್ದೀಯ.

ಮೊನ್ನೆ ಕಾವಲಿನವರು ತುಪ್ಪದ ವಾಸನೆ ಬರುತ್ತದೆ ಎಂದು ದೂರು ಕೊಟ್ಟರು. ಫ್ರಾವ್ ಕ್ರೆಮರ್ ಬಂದರು. ಪ್ರದರ್ಶನದ ಕೋಣೆಯಲ್ಲಿ ತಿನ್ನುವ ಪದಾರ್ಥ ತರಬಾರದು ಎಂಬ ನಿಯಮ ನನಗೆ ಗೊತ್ತಿತ್ತು, ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ. ಕಣ್ಣರಳಿಸಿ ಕೇಳಿದರು: ನೀವು ಇದನ್ನು ನಿಜವಾಗಿ ಮಾಡುತ್ತಿದ್ದೀರಾ? ಮರುದಿನ ಕರೆಸಿ ಹೇಳಿದರು, ಪ್ರತಿ ಭಾನುವಾರ ಜನ ಬಂದಾಗ ಅವರ ಮುಂದೆ ಮಾಡಿ. ರೇಷ್ಮೆ ಸೀರೆ ಉಟ್ಟುಕೊಳ್ಳಿ. ಸಾವಿರ ವರ್ಷದ ಹಿಂದಿನ ಮನೆ ಜೀವ ತಳೆದು ಬಂದ ಹಾಗಿರುತ್ತದೆ, ಪೋಸ್ಟರ್ ಹಾಕಿಸೋಣ. ನೀವು ಮೆಲ್ಲಗೆ ಏನೋ ಹೇಳುತ್ತೀರಂತಲ್ಲ, ಅದು ಹಿಂದೆ ನಿಂತವರಿಗೂ ಕೇಳಲು ಒಂದು ಸಣ್ಣ ಮೈಕ್ ಸಿಕ್ಕಿಸೋಣವೇ?

ಮೈಕ್, ಅವ್ವ. "ಉಣ್ಣಿ" ಅನ್ನುವುದಕ್ಕೆ ಮೈಕ್.

ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅಡಿಗೆಮನೆಯ ಮೂಲೆಯ ವಿಷಯ ಕಲ್ಲಿನ ಮೇಲೆ ಬರಲೇ ಇಲ್ಲ ಎಂದು ನನ್ನ ಪ್ರಬಂಧದಲ್ಲಿ ಪುಟಗಟ್ಟಲೆ ಕೊರಗಿದ್ದೆ. ಯಾರೂ ಬರೆಸಲಿಲ್ಲ, ಯಾರಿಗೂ ಬೇಕಾಗಲಿಲ್ಲ ಎಂದು. ಈಗ ಅನ್ನಿಸುತ್ತದೆ, ಆ ಹೆಂಗಸರೇ ಬಾಗಿಲು ಹಾಕಿಕೊಂಡಿದ್ದರೇನೋ. ಹೊಸಿಲ ಕೆಳಗೆ ಮಡಕೆ ಹೂತ ಈ ಊರಿನವಳೂ ಅಷ್ಟೇ. ನಾವು ಅವಳ ಹೊಸಿಲು ಅಗೆದು, ಮಡಕೆ ತೊಳೆದು, ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದೇವೆ.

ಸಿದ್ದರಾಜುಗೆ ಹೇಳಿದೆ. "ಸಂಡೇ ಅರ್ಧ ಗಂಟೆ ತಾನೆ, ಮಾಡ್ಬುಡು ರತ್ನ. ನಮ್ ಆಫೀಸಲ್ಲಿ ಮತ್ತೆ ಜನಾನ ತೆಗೀತಾವ್ರೆ. ನನ್ ಕೆಲ್ಸ ಹೋದ್ರೆ ವೀಸಾನೂ ಹೋಯ್ತದೆ. ನಿಂದಾದ್ರೂ ಇರ್ಲಿ" ಎಂದರು. ಅವರು ಹೇಳುವುದರಲ್ಲಿ ತಪ್ಪಿಲ್ಲ. ಹಾಗೆಂದು ನಾನು ಒಪ್ಪಿದ್ದೇನೆ ಎಂದಲ್ಲ. ಫ್ರಾವ್ ಕ್ರೆಮರ್‌ಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಇವತ್ತೂ ಇಟ್ಟೆ.

ರತ್ನಿ


ಮದ್ದೂರು
30-7-2002

ತಂಗಿ ರತ್ನಪ್ರಭಾಗೆ ಶಿವನಂಜುವಿನ ಆಶೀರ್ವಾದ.

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ, ಅದಕ್ಕೆ ಈ ಕಾಗದ. ಶ್ರಾವಣದಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಿದ್ದೇನೆ. ಕರೆಯಲು ಹೋದ ಕಡೆಯೆಲ್ಲ ದೊಡ್ಡಪ್ಪ, ಚಿಕ್ಕಪ್ಪಂದಿರು ಒಂದೇ ರಾಗ ಎಳೆಯುತ್ತಾರೆ. ಮನೆದೇವರು ಎಲ್ಲಿ, ದೇವರು ಮೊದಲು ಹೊಸಿಲು ದಾಟದೆ ನಾವು ಹೇಗೆ ದಾಟುವುದು ಎನ್ನುತ್ತಾರೆ. ಅವ್ವ ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ. ನನ್ನ ಮಾನ ಹೋಗುತ್ತಿದೆ.

ಆದ್ದರಿಂದ ಪೆಟ್ಟಿಗೆಯನ್ನು ಕೂಡಲೇ ಕಳಿಸು. ಏನೋ ನೀನು ಕೇಳಿದೆ ಎಂದು ಕೊಟ್ಟೆ, ಶಾಶ್ವತವಾಗಿ ಕೊಟ್ಟಿದ್ದಲ್ಲ. ಹಿರೀ ಮಗ ನಾನು, ಅದು ನನಗೆ ಸೇರಿದ್ದು. ಎಣ್ಣೆ ಜಿಡ್ಡು ಕಾಣದ ಹಾಗೆ ಪೂಜಾ ರೂಮಿನಲ್ಲಿ ಗ್ಲಾಸ್ ಷೋಕೇಸ್ ಮಾಡಿಸಿದ್ದೇನೆ, ಒಳಗೆ ಲೈಟ್ ಇದೆ. ನಿಮ್ಮ ಮ್ಯೂಸಿಯಮ್ಮಿಗಿಂತ ಚೆನ್ನಾಗಿದೆ.

ಭಾವನವರಿಗೆ ನಮಸ್ಕಾರ ತಿಳಿಸು.

ಶಿವನಂಜು


ಸ್ಟುಟ್‌ಗಾರ್ಟ್
26-8-2002

ಅವ್ವ,

ನಿನ್ನ ದೇವರನ್ನು ಹೊರಗೆ ತಂದಿದ್ದೇನೆ. ಅದಕ್ಕೆ ತೆತ್ತದ್ದು ನನ್ನ ಕೆಲಸ. ಈಗ ನಿನಗೆ ಸಮಾಧಾನವಾಯಿತೇ?

ಭಾನುವಾರದ ಆಟ ಆಡುವುದಿಲ್ಲ ಎಂದು ಫ್ರಾವ್ ಕ್ರೆಮರ್‌ಗೆ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಇದರಲ್ಲಿ ಅವಮಾನ ಏನಿದೆ, ಜನ ಗೌರವದಿಂದಲೇ ನೋಡುತ್ತಾರೆ ಎಂದರು. ಅದಕ್ಕೆ ನಾನು, ನಿಮ್ಮ ಮನೆಯಲ್ಲಿ ನೀವು ಮಗುವಿಗೆ ಊಟ ಮಾಡಿಸುವುದನ್ನು ಟಿಕೆಟ್ ಕೊಟ್ಟು ಬಂದು ಗೌರವದಿಂದ ನೋಡಲೇ ಎಂದೆ. ಅವರ ಮುಖ ಕೆಂಪಗಾಯಿತು. ಹೇಗೂ ಮಾತು ಬೆಳೆದಿತ್ತು, ಉಳಿದದ್ದನ್ನೂ ಹೇಳಿದೆ. ಈ ಪೆಟ್ಟಿಗೆಯ ಒಡತಿ ನನ್ನ ತಾಯಿ, ಅವಳು ಯಾವತ್ತೂ ಒಪ್ಪಿಲ್ಲ, ಒಪ್ಪಿದ್ದಾಳೆ ಎಂದು ಅಣ್ಣ ಹೇಳಿದ್ದು ಸುಳ್ಳು, ಅದನ್ನು ನಂಬಿ ನಾನು ಸಹಿ ಮಾಡಿದ್ದು ತಪ್ಪು, ಇದನ್ನು ಪತ್ರಿಕೆಯವರಿಗೆ ಹೇಳಬೇಕೇ ಎಂದೆ. ಅದಕ್ಕೆ ಅವರು, ತೆಗೆದುಕೊಂಡು ಹೋಗಿ, ನಿಮ್ಮ ಸಾಮಾನನ್ನೂ ಜೊತೆಗೇ ತೆಗೆದುಕೊಂಡು ಹೋಗಿ ಎಂದರು.

ಗಾಜು ತೆರೆಸಿ, ಗವಸು ಹಾಕಿಕೊಳ್ಳದೆ, ಒಂದೊಂದನ್ನೇ ಎತ್ತಿ ಪೆಟ್ಟಿಗೆಯಲ್ಲಿಟ್ಟೆ. ಕಂಬಳಿ ಸುತ್ತಿ ಎಸ್-ಬಾನಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಈಗ ನಮ್ಮ ಅಡಿಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ ಇದೆ. ಧೂಪ ಹಾಕಿದರೆ ಕೆಳಗಿನ ಮುದುಕಿ ಬಂದು ಬಾಗಿಲು ಬಡಿಯುತ್ತಾಳೆ. ಸಿದ್ದರಾಜು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ತಟ್ಟೆಯ ಮುಂದೆ ಕೂತವರು, "ಅವ್ರಿಗೆ ಇಟ್ಟಾಯ್ತಾ?" ಎಂದು ಕೇಳಿದರು. ಆಯಿತು ಎಂದ ಮೇಲೆ ತುತ್ತು ಎತ್ತಿದರು.

ಇಷ್ಟೆಲ್ಲ ಆದ ಮೇಲೆ ನನಗೆ ಮತ್ತೆ ಮೆಟ್ಟಿಲು ಒರೆಸುವುದೇ ಗತಿ. ಸೆಪ್ಟೆಂಬರ್ ಕೊನೆಗೆ ಫ್ರಾಂಕ್‌ಫರ್ಟಿನಿಂದ ಟಿಕೆಟ್ ತೆಗೆದುಕೊಂಡಿದ್ದೇನೆ. ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ನಾನೇ ತರುತ್ತೇನೆ. ಹಿರೀ ಮಗನ ಸ್ವತ್ತನ್ನು ಹಿರೀ ಮಗನ ಷೋಕೇಸಿನಲ್ಲಿ ಇಟ್ಟು, ನಿನ್ನ ಕಣ್ಣೆದುರಿಗೆ ಲೆಕ್ಕ ಒಪ್ಪಿಸಿ ತಿರುಗಿ ಬರುತ್ತೇನೆ. ಅಲ್ಲಿಗೆ ನಿನಗೂ ನನಗೂ ಸರಿಹೋಯಿತು. ಆಮೇಲೆ ನನ್ನನ್ನು ಇದಕ್ಕಾಗಿ ಬೈಯಲು ನಿನ್ನ ಹತ್ತಿರ ಏನೂ ಉಳಿಯುವುದಿಲ್ಲ.

ರತ್ನಪ್ರಭಾ


ಮದ್ದೂರು
11-9-2002

ರತ್ನಿ,

ಟಿಕೆಟ್ ತೆಗೆದಿದ್ದರೆ ಬಾ. ನಿನ್ನನ್ನು ನೋಡಿ ಎರಡು ವರ್ಷವಾಯಿತು. ಆದರೆ ಕೈಬೀಸಿಕೊಂಡು ಬಾ. ಪೆಟ್ಟಿಗೆ ಹಿಡಿದುಕೊಂಡು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.

ಗೃಹಪ್ರವೇಶ ಆಯಿತು. ಪೂಜಾ ರೂಮಿನಲ್ಲಿ ಆ ಗಾಜಿನ ಗೂಡು ಖಾಲಿ ಇತ್ತು, ಒಳಗೆ ಲೈಟು ಮಾತ್ರ ಉರಿಯುತ್ತಿತ್ತು. ನೆಂಟರೆಲ್ಲ ಕೂತಿದ್ದಾಗ ನಿಮ್ಮಣ್ಣ, "ಹಿರೀ ಮಗ ನಾನು, ತಂಗಿ ನನ್ ದೇವ್ರನ್ನ ಮಡಿಕೊಂಡವ್ಳೆ, ಹೇಳವ್ವ ಅವ್ಳಿಗೆ" ಎಂದು ನನ್ನ ಮೇಲೆ ಬಂದ. ನನಗೂ ತಡೆಯಲಾಗಲಿಲ್ಲ. "ನಿನ್ ದೇವ್ರಾ? ಯಾವತ್ತು ಎಡೆ ಇಟ್ಟಿದ್ದೀಯ ಹೇಳ್ಲಾ. ಹಬ್ಬದ್ ದಿನ ಕರ್ಪೂರ ಹಚ್ಚಿ ಕೈ ಝಾಡಿಸ್ಕೊಂಡ್ ಹೋಗೋದಲ್ಲ. ದಿನಾ ಹೊಗೇಲಿ ಕೂತ್ಕೊಂಡ್ ಇಟ್ಟಿದ್ದು ಯಾರು? ನಿಮ್ಮಜ್ಜಿ ಇಟ್ಲು, ನಾನಿಟ್ಟೆ, ನಿನ್ ಹೆಂಡ್ತಿ ಇಟ್ಲು. ನಿಮ್ಮಪ್ಪನೂ ಇಟ್ಟೋನಲ್ಲ. ಬೇಡ ಅಂತ ಹೊರಗೆ ಹಾಕ್ದೋನು ನೀನು, ಇಕ್ಕಿ ಉಣ್ಸಿದ್ದು ಅವ್ಳು. ಅವ್ಳಿಗೇ ಆಯ್ತು ಹೋಗು" ಎಂದೆ. ಚಿಕ್ಕಪ್ಪಂದಿರು ಹೆಣ್ಣುಮಗಳಿಗೆ ಹೋಗುವುದು ಎಲ್ಲಿಯಾದರೂ ಉಂಟೇ ಎಂದು ಎದ್ದು ನಿಂತರು. ಊಟ ಬಡಿಸಿದ್ದಾರೆ, ಉಂಡು ಹೋಗಿ ಎಂದೆ. ಇಬ್ಬರು ಉಣ್ಣದೆ ಹೋದರು. ಹೋಗಲಿ.

ನನ್ನ ಚಿಂತೆ ಬಿಡು. ಕಾಂತಮ್ಮನನ್ನು ಕರೆದುಕೊಂಡು ಶಿಂಷಾ ಹೊಳೆಗೆ ಹೋಗಿ ಮೂರು ಕಲ್ಲು ತಂದು, ಹಾಲಲ್ಲಿ ತೊಳೆದು, ನಾನು ಮಲಗುವ ಕೋಣೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆಯ ಕಲ್ಲುಗಳೂ ಯಾವ ಕಾಲದಲ್ಲೋ ಯಾರೋ ಹೊಳೆಯಿಂದಲೇ ತಂದದ್ದು. ಇವು ಇನ್ನೂ ಹೊಸವು, ಬಿಡಿಸಿ ಹೇಳಿ ಉಣ್ಣಿಸಬೇಕು. ನಾನು ಮುದ್ದೆ ಉಣ್ಣುತ್ತಿದ್ದೇನೆ.

ನಿನಗೂ ನನಗೂ ಸರಿಹೋಯಿತು ಎಂದು ಬರೆದಿದ್ದೀಯ. ಏನು ಸರಿಹೋಯಿತು? ಸರಿಹೋಗುವುದಕ್ಕೆ ನಾವೇನು ಅಂಗಡಿ ಇಟ್ಟಿದ್ದೇವಾ? ಕೆಲಸ ಹೋಯಿತೆಂದು ನನ್ನ ಮೇಲೆ ಹಾರಾಡಿದ್ದೀಯ. ಹಾರಾಡು. ಒಂದು ಕೆಲಸ ಸಿಕ್ಕಿತ್ತು, ಇನ್ನೊಂದೂ ಸಿಗುತ್ತದೆ, ಹುಡುಕು. ಕೆಳಗಿನ ಮುದುಕಿ ಬಾಗಿಲು ಬಡಿದರೆ ಅವಳಿಗೂ ಒಂದು ಬಟ್ಟಲು ಪಾಯಸ ಕೊಡು. ಆಮೇಲೂ ಬಡಿದರೆ ಬಡಿದುಕೊಳ್ಳಲಿ.

ನೀನು ಇಲ್ಲಿಗೆ ಬಂದಿರುವ ದಿನಗಳಲ್ಲಿ ಸಿದ್ದರಾಜು ಇಡಲಿ. ಗಂಡಸು ಎಂದು ಬಿಡಬೇಡ, ಅಕ್ಕಿ ಬೇಯಿಸುವುದನ್ನು ಹೇಳಿಕೊಟ್ಟು ಬಾ. ಆದರೆ ಮಹಾಲಯ ಅಮಾವಾಸ್ಯೆಗೆ ಮೊದಲು ನೀನು ನಿನ್ನ ಮನೆಗೆ ತಿರುಗಿ ಹೋಗಿರಬೇಕು. ಅಂದು ಹಿರಿಯರಿಗೆ ಎಡೆ. ಸಪ್ಪೆ ಅಡಿಗೆ ನಡೆಯುವುದಿಲ್ಲ. ಮಾಂಸದ ಸಾರು ಮಾಡು, ಖಾರಕ್ಕೆ ಕೈ ಹಿಡಿಯಬೇಡ. ನಿಮ್ಮಪ್ಪನ ತಗಡಿನ ಮುಂದೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಇಡಬೇಕು. ಬೀಡಿ ಅಲ್ಲಿ ಸಿಗದು, ಇಲ್ಲಿಂದ ಕೊಡುತ್ತೇನೆ. ಬಾಗಿಲು ಹಾಕಿಕೊಂಡು ಕೂತು, ಎಲ್ಲರ ಹೆಸರು ಹಿಡಿದು ಕರೆ. ಕೊನೆಗೆ ನಿಮ್ಮಪ್ಪನನ್ನು ಕರೆ.

ಹೆಣ್ಣುಮಗಳ ಕೈಯ ಎಡೆಯನ್ನು ಹಿರಿಯರು ಮುಟ್ಟುವುದಿಲ್ಲ ಎಂದು ನಿಮ್ಮಪ್ಪ ಇದ್ದಾಗ ಹೇಳುತ್ತಿದ್ದರು. ನೀನು ಇಡು. ಹಸಿದಿದ್ದರೆ ಉಣ್ಣುತ್ತಾರೆ.

ನಿನ್ನ ಅವ್ವ